ಬಯಲಲ್ಲಿ ರೆಕಾರ್ಡಿಂಗ್: ಮೈಕಿಗೆ ಗಾಳಿ ತಾಗದಂತೆ ನೋಡಿಕೊಳ್ಳುವುದು ಹೇಗೆ?

ಬಯಲಲ್ಲಿ ಮಾಡಿದ ರೆಕಾರ್ಡಿಂಗ್ ಕೆಡುವುದಕ್ಕೆ ಕಾರಣ ಹತ್ತಾರು. ಅವುಗಳಲ್ಲಿ ಹೆಚ್ಚಿನವನ್ನು ಎಡಿಟಿಂಗ್‌ನಲ್ಲಿ ಅಷ್ಟೋ ಇಷ್ಟೋ ಸರಿಮಾಡಬಹುದು. ಗಾಳಿಯ ಗುಡುಗುಡು ಸದ್ದು ಮಾತ್ರ ಹಾಗಲ್ಲ. ಅದನ್ನು ಮೈಕಿನ ಹೊರಗೇ ತಡೆಯಬೇಕು, ಒಳಗೆ ನುಗ್ಗಿದ ಮೇಲೆ ತೆಗೆಯುವುದಕ್ಕೆ ಸಾಧನವಿಲ್ಲ ಎಂದೇ ತಿಳಿದು ಕೆಲಸ ಮಾಡಬೇಕು. ಯಾಕೆ ಎಂದು ಮೊದಲು ನೋಡೋಣ. ಅದು ಅರ್ಥವಾದರೆ ಮುಂದಿನ ಸಲಹೆಗಳೆಲ್ಲ ತಾವಾಗಿಯೇ ಹೊಳೆಯುತ್ತವೆ.

ಮೈಕಿನ ಒಳಗೆ ಬಹಳ ತೆಳುವಾದ ಒಂದು ಪೊರೆ ಇರುತ್ತದೆ. ಮಾತಿನ ಸದ್ದು ತಾಗಿದಾಗ ಅದು ಕಣ್ಣಿಗೆ ಕಾಣದಷ್ಟು ಅಲುಗುತ್ತದೆ. ಬೀಸುವ ಗಾಳಿ ಸದ್ದಿನ ಅಲೆಯಲ್ಲ, ಅದು ಹರಿವು. ಮೈಕಿನ ಮೈಗೆ ಬಡಿದಾಗ ಆ ಹರಿವು ಒಡೆದು ಸುಳಿಸುಳಿಯಾಗುತ್ತದೆ, ಆ ಸುಳಿಗಳ ಒತ್ತಡ ಪೊರೆಯನ್ನು ನೇರವಾಗಿ ತಳ್ಳುತ್ತದೆ. ಈ ತಳ್ಳಾಟದ ಬಲವೆಲ್ಲ ಹೆಚ್ಚಾಗಿ 200 ಹರ್ಟ್ಜ್‌ಗಿಂತ (ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಅಳತೆ) ಕೆಳಗಿರುತ್ತದೆ, ಕೆಳಕೆಳಗೆ ಹೋದಷ್ಟೂ ಹೆಚ್ಚುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ಸುಮಾರು ನಾಲ್ಕು ಪಟ್ಟಾಗುತ್ತದೆ, ಅಂದರೆ 12 ಡೆಸಿಬೆಲ್ ಜಾಸ್ತಿ. ತಣ್ಣಗೆ ಬೀಸುತ್ತಿದ್ದ ಗಾಳಿಯಲ್ಲಿ ಚೆನ್ನಾಗಿದ್ದ ರೆಕಾರ್ಡಿಂಗ್ ಒಂದೇ ಬೀಸಿಗೆ ಕೆಡುವುದು ಇದರಿಂದಲೇ. ಪೊರೆ ತನ್ನ ಮಿತಿಯ ತನಕ ತಳ್ಳಿಸಿಕೊಂಡು ನಿಂತರೆ ಆ ಕ್ಷಣದ ಮಾತು ದಾಖಲಾಗುವುದೇ ಇಲ್ಲ. 32 ಬಿಟ್ ಫ್ಲೋಟ್ (ಎಷ್ಟೇ ಜೋರಾದ ಸದ್ದನ್ನೂ ಒಡೆಯದಂತೆ ದಾಖಲಿಸುವ) ರೆಕಾರ್ಡರ್ ಇದೆ, ಏನೂ ಆಗುವುದಿಲ್ಲ ಎಂದು ನಂಬುವವರಿದ್ದಾರೆ. ಆ ಸೌಲಭ್ಯ ಕಾಯುವುದು ರೆಕಾರ್ಡರನ್ನು. ಮೈಕಿನ ಪೊರೆಯನ್ನು ಅದು ಕಾಯಲಾರದು.

ಯಾವ ಸದ್ದು ಎಂದು ಗುರುತಿಸಿ

ಹೆಡ್‌ಫೋನ್ ಇಲ್ಲದೆ ಬಯಲಲ್ಲಿ ರೆಕಾರ್ಡ್ ಮಾಡಲೇಬೇಡಿ. ಕಿವಿಯನ್ನು ಪೂರ್ತಿ ಮುಚ್ಚುವಂಥದ್ದೇ ಬೇಕು. ಲ್ಯಾಪ್‌ಟಾಪಿನ ಸಣ್ಣ ಸ್ಪೀಕರ್‌ನಲ್ಲಿ 100 ಹರ್ಟ್ಜ್‌ನ ಗುಡುಗು ಕೇಳುವುದೇ ಇಲ್ಲ. ಎಲ್ಲ ಸರಿಯಿದೆ ಎಂದುಕೊಂಡು ಬಂದು ದೊಡ್ಡ ಸ್ಪೀಕರ್‌ಗೆ ಹಾಕಿದಾಗ ಗೊತ್ತಾಗುತ್ತದೆ.

ಹೆಡ್‌ಫೋನ್‌ನಲ್ಲಿ ಕೇಳುವ ಗಲಾಟೆ ಮೂರು ಬಗೆಯದಿರಬಹುದು. ಒಂದು ದೊಡ್ಡ ರಟ್ಟನ್ನು ಮೈಕಿನಿಂದ ಒಂದಡಿ ದೂರದಲ್ಲಿ, ಗಾಳಿ ಬರುವ ಕಡೆಗೆ ಅಡ್ಡ ಹಿಡಿಯಿರಿ. ಸದ್ದು ತಟ್ಟನೆ ಇಳಿದರೆ ಅದು ಮೈಕಿಗೇ ಬಡಿಯುತ್ತಿರುವ ಗಾಳಿ. ಇಳಿಯದೆ ಸುಯ್ ಎಂದೋ ಪಟಪಟ ಎಂದೋ ಉಳಿದರೆ ಅದು ಮರ, ಬೆಳೆ, ತಗಡಿನ ಶೀಟು ಮಾಡುತ್ತಿರುವ ನಿಜವಾದ ಸದ್ದು. ಅದಕ್ಕೆ ಗಾಳಿ ತಡೆಯುವ ಎಂಥ ಕವರ್ (ವಿಂಡ್‌ಶೀಲ್ಡ್) ಹಾಕಿದರೂ ಉಪಯೋಗವಿಲ್ಲ, ಜಾಗವನ್ನೇ ಬದಲಿಸಬೇಕು. ಆಗಾಗ ಟಕ್, ದಡ್ ಎಂದು ಬಂದರೆ ಕೇಬಲ್ಲೋ ಸ್ಟ್ಯಾಂಡೋ ಗಾಳಿಗೆ ಅಲುಗಾಡುತ್ತಿದೆ. ಕೇಬಲನ್ನು ಮೈಕ್ ಹಿಡಿಯುವ ಉದ್ದನೆಯ ಬೂಮ್ ಕೋಲಿಗೆ ಬಿಗಿಯಾಗಿ ಸುತ್ತಿ, ಮೈಕಿನ ಹತ್ತಿರ ಮಾತ್ರ ಒಂದು ಸಡಿಲ ಸುರುಳಿ ಬಿಡಿ. ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ ತೂಗುಹಾಕಿ. ಮೂರಕ್ಕೂ ಮದ್ದು ಬೇರೆ ಬೇರೆ. ಇದನ್ನು ಬೇರ್ಪಡಿಸದೆ ದುಬಾರಿ ಕವರ್ ಕೊಳ್ಳುವುದು ದುಡ್ಡು ದಂಡ.

ಜಾಗ ಮತ್ತು ಹೊತ್ತು

ಊರಲ್ಲಿ ಸಂದರ್ಶನ ಎಂದರೆ ಎಲ್ಲರೂ ಮೊದಲು ತೋರಿಸುವುದು ಅರಳಿಕಟ್ಟೆಯನ್ನು. ನೋಡಲು ಚೆಂದ, ಆದರೆ ಕಿವಿಗೆ ಅದಕ್ಕಿಂತ ಕೆಟ್ಟ ಜಾಗ ಸಿಗುವುದು ಕಷ್ಟ. ಅರಳಿ ಎಲೆಯ ತೊಟ್ಟು ಉದ್ದ, ತೆಳು. ಮುಖಕ್ಕೆ ಗೊತ್ತಾಗದ ಗಾಳಿಗೂ ಎಲೆಗಳು ಒಂದಕ್ಕೊಂದು ಬಡಿದು ಪಟಪಟ ಎನ್ನುತ್ತವೆ, ಆ ಸದ್ದು ಮಾತಿನ ವ್ಯಂಜನಗಳು ಇರುವ ಎತ್ತರದಲ್ಲೇ ಇರುತ್ತದೆ. ತೆಂಗಿನ ಗರಿ, ಒಣಗಿದ ಜೋಳದ ದಂಟು, ಕಬ್ಬಿನ ಗದ್ದೆ, ಇವೂ ಅಷ್ಟೇ. ಕರಾವಳಿಯ ಗಾಳಿಮರದ ತೋಪಿನ ಒಳಗೆ ಗಾಳಿಯ ವೇಗ ಕಡಿಮೆ, ಮೈಕಿಗೆ ಬಡಿಯುವುದೂ ಕಡಿಮೆ. ಆದರೆ ಆ ಸೂಜಿಯಂಥ ಎಲೆಗಳ ಸುಯ್ಲು ಬಿಡದೆ ತುಂಬಿಕೊಳ್ಳುತ್ತದೆ. ಮರದಡಿಯೇ ಬೇಕೆಂದರೆ ಪುಟ್ಟ ಎಲೆಯ ಹುಣಸೆಯ ನೆರಳು ಇವುಗಳಿಗಿಂತ ಮೇಲು.

ಗೋಡೆಯ ಮರೆ ಒಳ್ಳೆಯದು, ಮೂಲೆ ಕೆಟ್ಟದ್ದು. ಕಟ್ಟಡದ ಮೂಲೆಯಲ್ಲಿ, ಎರಡು ಮನೆಗಳ ನಡುವಿನ ಓಣಿಯಲ್ಲಿ ಗಾಳಿ ಜೋರಾಗುತ್ತದೆ. ಗಟ್ಟಿ ಗೋಡೆಯ ಹಿಂದೆಯೂ ಮೇಲಿನಿಂದ ಹಾರಿಬಂದ ಗಾಳಿ ಸುಳಿಯಾಗಿ ಇಳಿಯುತ್ತದೆ. ಹಾಗಾಗಿ ದಟ್ಟವಾದ ಹಸಿರು ಬೇಲಿ ಸಿಕ್ಕರೆ ಅದನ್ನೇ ಆರಿಸಿ. ಬೇಲಿಯ ಸಂದುಗಳಲ್ಲಿ ಗಾಳಿ ಸೋಸಿ ನಿಧಾನವಾಗುತ್ತದೆ, ಸುಳಿ ಏಳುವುದು ಕಡಿಮೆ. ನೆಲದ ಹತ್ತಿರ ಗಾಳಿ ಯಾವಾಗಲೂ ಮೆಲ್ಲಗೆ. ನಿಂತು ಮಾತಾಡುವ ಬದಲು ಕೂತು ಮಾತಾಡಿಸಿದರೆ ಅಷ್ಟರಲ್ಲೇ ಲಾಭವಿದೆ.

ಹೊತ್ತಿನ ಆಯ್ಕೆಗೆ ಖರ್ಚೇ ಇಲ್ಲ. ಒಳನಾಡಿನಲ್ಲಿ ಬೆಳಗಿನ ಜಾವದಿಂದ ಸೂರ್ಯ ಮೇಲೇರುವ ತನಕ ಗಾಳಿ ಸಾಮಾನ್ಯವಾಗಿ ತೀರ ಕಡಿಮೆ. ನೆಲ ಕಾದಂತೆ ಏಳುತ್ತದೆ. ಮಲ್ಪೆ, ಕಾರವಾರದಂಥ ಕಡಲ ತೀರದಲ್ಲಿ ಸಮುದ್ರದ ಗಾಳಿ ಬಿಸಿಲೇರಿದ ಮೇಲೆ ಶುರುವಾಗಿ ಮಧ್ಯಾಹ್ನ ಜೋರಾಗಿ ಸಂಜೆಗೆ ಇಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಮುಂಗಾರು ಗಾಳಿ ದಿನವಿಡೀ ಬೀಸುತ್ತದೆ. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಅಲ್ಲಿನ ಗಾಳಿಯನ್ನು ನೋಡಿಯೇ. ಆ ತಿಂಗಳುಗಳಲ್ಲಿ ಅಲ್ಲಿ ಕೆಲಸವಿದ್ದರೆ ಪೂರ್ತಿ ತಯಾರಾಗಿಯೇ ಹೋಗಿ.

ಗಾಳಿಯ ವೇಗವನ್ನು ಕಣ್ಣಲ್ಲೇ ಅಂದಾಜು ಮಾಡಬಹುದು. ಎಲೆ ಸರಸರ ಎಂದು ಮುಖಕ್ಕೆ ಗಾಳಿ ಗೊತ್ತಾದರೆ ಗಂಟೆಗೆ 6ರಿಂದ 11 ಕಿ.ಮೀ.; ಮೈಕಿನ ಸ್ಪಂಜಿನ ಕವರ್ (ಫೋಮ್) ಮೇಲೆ ಕೂದಲಿನ ಕವರ್ (ಫರ್) ಇದ್ದರೆ ಸಾಕು. ಎಲೆ, ಸಣ್ಣ ರೆಂಬೆಗಳು ನಿಲ್ಲದೆ ಅಲುಗಿದರೆ 12ರಿಂದ 19. ಉದ್ದ ಎಳೆಯ ಫರ್ ಬೇಕೇಬೇಕು. ಧೂಳು, ಕಾಗದ ಮೇಲೆದ್ದರೆ 20ರಿಂದ 28. ಬ್ಲಿಂಪ್ (ಮೈಕನ್ನು ಒಳಗೆ ತೂಗುಹಾಕುವ ಜಾಲರಿಯ ಬುಟ್ಟಿ) ಮತ್ತು ಫರ್ ಎರಡೂ ಬೇಕು. ಕೊಡೆ ಹಿಡಿದು ನಿಲ್ಲುವುದು ಕಷ್ಟವಾದರೆ 39 ದಾಟಿದೆ ಎಂದರ್ಥ. ಆಗ ಹಟ ಮಾಡದೆ ಕಾರಿನೊಳಗೆ ಕೂತು, ಎಂಜಿನ್ ಆಫ್ ಮಾಡಿ, ಗಾಜು ಏರಿಸಿ ರೆಕಾರ್ಡ್ ಮಾಡಿ. ಕಾರಿನ ಒಳಗೆ ಪ್ರತಿಧ್ವನಿಯೂ ಕಡಿಮೆ.

ಮೈಕ್ ಯಾವುದು, ಎಷ್ಟು ಹತ್ತಿರ

ಒಂದೇ ದಿಕ್ಕಿನ ಸದ್ದು ಹಿಡಿಯುವ ಕಾರ್ಡಿಯಾಯ್ಡ್, ಪಕ್ಕದಲ್ಲಿ ಸೀಳುಗಳಿರುವ ಉದ್ದ ಕೊಳವೆಯಂಥ ಶಾಟ್‌ಗನ್ ಮೈಕ್‌ಗಳು ಪೊರೆಯ ಹಿಂದೆ ಮುಂದಿನ ಒತ್ತಡದ ವ್ಯತ್ಯಾಸವನ್ನು ಅಳೆಯುತ್ತವೆ. ಗಾಳಿಯ ಸುಳಿ ಎಬ್ಬಿಸುವುದು ಆ ವ್ಯತ್ಯಾಸವನ್ನೇ. ಆದ್ದರಿಂದ ಗಾಳಿಗೆ ಬೇಗ ಸೋಲುವುದು ಈ ಮೈಕ್‌ಗಳೇ. ಎಲ್ಲ ದಿಕ್ಕಿನಿಂದ ಹಿಡಿಯುವ ಓಮ್ನಿ ಮೈಕ್ ಬಹಳ ಮೇಲು. ಕಾಲರ್ ಮೈಕ್‌ಗಳಲ್ಲಿ ಹೆಚ್ಚಿನವು ಓಮ್ನಿಯೇ. ಗಾಳಿಯ ದಿನ ದುಬಾರಿ ಶಾಟ್‌ಗನ್ ದೂರದಿಂದ ಹಿಡಿಯುವುದಕ್ಕಿಂತ ಸಾಧಾರಣ ಕಾಲರ್ ಮೈಕ್ ಎದೆಯ ಮೇಲಿರುವುದು ವಾಸಿ.

ದೂರದ ಲೆಕ್ಕ ಇನ್ನೂ ಮುಖ್ಯ. ಬಾಯಿಗೂ ಮೈಕಿಗೂ ನಡುವಿನ ದೂರ 60 ಸೆಂ.ಮೀ. ಇದ್ದದ್ದನ್ನು 30ಕ್ಕೆ ಇಳಿಸಿದರೆ ಮಾತು 6 ಡೆಸಿಬೆಲ್ ಏರುತ್ತದೆ. ಗಾಳಿ ಇದ್ದಷ್ಟೇ ಇರುತ್ತದೆ. ಗೇನ್ (ರೆಕಾರ್ಡರ್ ಸದ್ದನ್ನು ಹಿಗ್ಗಿಸುವ ಮಟ್ಟ) ಏರಿಸಿದರೆ ಎರಡೂ ಒಟ್ಟಿಗೆ ಏರುತ್ತವೆ, ಏನೂ ಗಿಟ್ಟುವುದಿಲ್ಲ.

ಫೋಮ್, ಫರ್, ಬ್ಲಿಂಪ್

ಮೂರರ ಗುರಿಯೂ ಒಂದೇ: ಪೊರೆಯ ಸುತ್ತ ಅಲುಗದ ಗಾಳಿಯ ಒಂದು ಕೋಣೆ ಮಾಡುವುದು. ಆ ಕೋಣೆ ದೊಡ್ಡದಾದಷ್ಟೂ, ಹೊರಗಿನ ಸುಳಿ ಪೊರೆಯಿಂದ ದೂರ ಉಳಿದಷ್ಟೂ ಸದ್ದು ಕಡಿಮೆ. ಮೈಕಿಗೆ ಕರವಸ್ತ್ರ ಬಿಗಿಯಾಗಿ ಸುತ್ತಿದರೆ ಫಲ ಸಿಗದಿರುವುದು ಈ ಕಾರಣಕ್ಕೇ. ಬಟ್ಟೆಗೂ ಮೈಕಿಗೂ ನಡುವೆ ಜಾಗವಿಲ್ಲ, ಗಾಳಿ ನಿಲ್ಲುವುದಿಲ್ಲ, ಮಾತು ಮಾತ್ರ ಮಂಕಾಗುತ್ತದೆ.

ಮೈಕಿನ ಜೊತೆ ಬರುವ ಕಪ್ಪು ಫೋಮ್ ಒಳಾಂಗಣದಲ್ಲಿ ಬಾಯಿಂದ ಬರುವ ಪ, ಬ ಹೊಡೆತಕ್ಕೆ, ಬೂಮ್ ತಿರುಗಿಸುವಾಗಿನ ಗಾಳಿಗೆ ಸಾಕು; ಬಯಲಿಗೆ ಅದೊಂದೇ ಸಾಲದು. ಶಾಟ್‌ಗನ್‌ಗೆ ಹಾಕುವಾಗ ಪಕ್ಕದ ಸೀಳುಗಳೆಲ್ಲ ಮುಚ್ಚುವಷ್ಟು ಉದ್ದವಿರಲಿ. ಒಂದು ಸೀಳು ಹೊರಗುಳಿದರೂ ಗಾಳಿ ಅಲ್ಲಿಂದ ಒಳಹೊಗುತ್ತದೆ. ಹಾಗೆಂದು ಸೀಳುಗಳ ಮೇಲೆ ಟೇಪ್ ಸುತ್ತಬೇಡಿ, ಮೈಕಿನ ದಿಕ್ಕಿನ ಗುಣವೇ ಹೋಗುತ್ತದೆ.

ಫರ್‌ನ ಕೂದಲು ಗಾಳಿಯ ರಭಸವನ್ನು ಮೆಲ್ಲಮೆಲ್ಲನೆ ಹೀರುತ್ತದೆ, ಚೂಪಾದ ಅಂಚಿಗೆ ಬಡಿದು ಸುಳಿಯೇಳಲು ಬಿಡುವುದಿಲ್ಲ. ಕೊಳ್ಳುವಾಗ ಎಲ್ಲರೂ ಕೂದಲನ್ನೇ ನೋಡುತ್ತಾರೆ. ನೋಡಬೇಕಾದ್ದು ಹಿಂಬದಿಯ ಬಟ್ಟೆಯನ್ನು. ಅದು ಹೆಣೆದ ಬಟ್ಟೆಯಾಗಿರಬೇಕು, ಬೆಳಕಿಗೆ ಹಿಡಿದರೆ ಸಣ್ಣ ತೂತುಗಳು ಕಾಣಬೇಕು. ಬಾಯಿಗಿಟ್ಟು ಊದಿದರೆ ಉಸಿರು ಆಚೆಯ ಅಂಗೈಗೆ ಸಲೀಸಾಗಿ ತಾಗಬೇಕು. ಹಿಂದೆ ರಬ್ಬರಿನಂಥ ಲೇಪವಿದ್ದರೆ ಬಿಟ್ಟುಬಿಡಿ, ಮಾತಿನ ಎತ್ತರದ ಸದ್ದನ್ನು ನುಂಗಿಹಾಕುತ್ತದೆ.

ಮನೆಯಲ್ಲೇ ಬ್ಲಿಂಪ್ ಮಾಡುವ ಬಗೆ

ಮಾರುಕಟ್ಟೆಯ ಬ್ಲಿಂಪ್ ಬೆಲೆ ಕೆಲವೊಮ್ಮೆ ಮೈಕಿಗಿಂತ ಹೆಚ್ಚು. ಇಲ್ಲಿ ಕೊಟ್ಟಿರುವ ಅಳತೆ 25 ಸೆಂ.ಮೀ. ಉದ್ದ, 2 ಸೆಂ.ಮೀ. ದಪ್ಪದ ಶಾಟ್‌ಗನ್ ಮೈಕಿಗೆ. ನಿಮ್ಮ ಮೈಕ್ ಉದ್ದ ಬೇರೆಯಾದರೆ ಆ ವ್ಯತ್ಯಾಸವನ್ನು ಉದ್ದದ ಅಳತೆಗಳಿಗೆ ಮಾತ್ರ ಕೂಡಿಸಿ ಅಥವಾ ಕಳೆಯಿರಿ.

ಬೇಕಾದ ಸಾಮಾನು: ಕೈತೋಟಕ್ಕೆ ಬಳಸುವ, 1 ಸೆಂ.ಮೀ. ಕಣ್ಣಿನ ಗಟ್ಟಿ ಪ್ಲಾಸ್ಟಿಕ್ ಜಾಲರಿ, 10 ಸೆಂ.ಮೀ. ಬಾಯಿಯ ಎರಡು ಟೀ ಸೋಸುವ ಜರಡಿ. 20 ಕೇಬಲ್ ಟೈ. ದಪ್ಪ ರಬ್ಬರ್ ಬ್ಯಾಂಡ್ 8. ತೆಳು ನೈಲಾನ್ ಸ್ಟಾಕಿಂಗ್ ಒಂದು. 3ರಿಂದ 5 ಸೆಂ.ಮೀ. ಕೂದಲಿನ ಫರ್ ಬಟ್ಟೆ ಅರ್ಧ ಮೀಟರ್ (ಟೆಡ್ಡಿ ಗೊಂಬೆ ಹೊಲಿಯುವವರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ). ವೆಲ್ಕ್ರೊ ಪಟ್ಟಿ, ಲಾಡಿ, ಗಟ್ಟಿ ದಾರ.

1. ಜಾಲರಿಯನ್ನು 34 ಸೆಂ.ಮೀ. ಅಗಲ, 38 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ಅಗಲದ ಕಡೆ ಸುರುಳಿ ಸುತ್ತಿ, ಅಂಚುಗಳನ್ನು 2.5 ಸೆಂ.ಮೀ. ಒಂದರ ಮೇಲೊಂದು ಬರುವಂತೆ ಜೋಡಿಸಿ, 5 ಸೆಂ.ಮೀ.ಗೊಂದು ಕೇಬಲ್ ಟೈ ಬಿಗಿಯಿರಿ. 10 ಸೆಂ.ಮೀ. ವ್ಯಾಸದ ಕೊಳವೆ ಸಿಗುತ್ತದೆ. ಟೈಗಳ ಬಾಲವನ್ನು ಪೂರ್ತಿ ಕತ್ತರಿಸಿ. ಮಿಕ್ಕ ಬಾಲ ಗಾಳಿಗೆ ಟಿಕ್ ಟಿಕ್ ಎನ್ನುತ್ತದೆ. ಜಾಲರಿಯ ಬದಲು ತೂತು ಕೊರೆದ ಪಿವಿಸಿ ಪೈಪು ಬಳಸಬೇಡಿ. ಮುಚ್ಚಿದ ಭಾಗ ಹೆಚ್ಚಾದರೆ ಮಾತು ಕೊಡದೊಳಗಿಂದ ಬಂದಂತೆ ಕೇಳುತ್ತದೆ.

2. ಜರಡಿಗಳ ಹಿಡಿ ಕತ್ತರಿಸಿ, ಚೂಪು ಅಂಚನ್ನು ಅರದಿಂದ ಉಜ್ಜಿ. ಒಂದನ್ನು ಮುಂದಿನ ಬಾಯಿಗೆ, ಉಬ್ಬು ಹೊರಗೆ ಬರುವಂತೆ, ಆರು ಕೇಬಲ್ ಟೈಗಳಿಂದ ಅಲುಗದಂತೆ ಕಟ್ಟಿ. ಇನ್ನೊಂದನ್ನು ಹಿಂದಿನ ಬಾಯಿಗೆ ವೆಲ್ಕ್ರೊದಿಂದ, ಬೇಕಾದಾಗ ತೆಗೆಯುವಂತೆ ಕೂರಿಸಿ. ಜರಡಿ ಸಡಿಲವಾಗಿದ್ದರೆ ಕಣಕಣ ಎನ್ನುತ್ತದೆ, ಬೆರಳಲ್ಲಿ ತಟ್ಟಿ ನೋಡಿ.

3. ಮೈಕನ್ನು ತೂಗುವ ಕೆಲಸ ಎಲ್ಲಕ್ಕಿಂತ ಸೂಕ್ಷ್ಮ. ಮೈಕಿನ ತುದಿ ಕೊಳವೆಯ ಮುಂಬಾಯಿಯಿಂದ 5 ಸೆಂ.ಮೀ. ಒಳಗಿರಬೇಕು, ಹಿಂದೆ ಪ್ಲಗ್‌ಗೆ 8 ಸೆಂ.ಮೀ. ಉಳಿಯುತ್ತದೆ. ಎರಡು ಕಡೆ, ಒಂದೊಂದು ಕಡೆ ನಾಲ್ಕು ರಬ್ಬರ್ ಬ್ಯಾಂಡ್‌ಗಳನ್ನು ಜಾಲರಿಯ ಕಣ್ಣಿಗೆ ಸಿಕ್ಕಿಸಿ ಮೈಕನ್ನು ನಾಲ್ಕು ದಿಕ್ಕಿಗೂ ಸಮನಾಗಿ ಎಳೆಯಿರಿ: ಒಂದು ಕಡೆ ಮೈಕಿನ ಹಿಂಬದಿಯ ಸೀಳಿಲ್ಲದ ಭಾಗ, ಇನ್ನೊಂದು ಮುಂತುದಿಯಿಂದ 8 ಸೆಂ.ಮೀ. ಹಿಂದೆ. ಕೊಳವೆಯನ್ನು ಕೈಯಲ್ಲಿ ಜಾಡಿಸಿದಾಗ ಮೈಕ್ ಜಾಲರಿಗೆ ತಾಗಬಾರದು, ತೀರ ಬಿಗಿಯಾಗಿ ಗಿಟಾರಿನ ತಂತಿಯಂತೆ ಮಿಡಿಯಲೂಬಾರದು. ರಬ್ಬರ್ ಬಿಸಿಲಿಗೆ ಬೇಗ ಸೀಳುತ್ತದೆ. ಪ್ರತಿ ಸಲ ಹೊರಡುವ ಮುಂಚೆ ಎಳೆದು ನೋಡಿ, ನಾಲ್ಕು ಹೆಚ್ಚುವರಿ ಜೇಬಿನಲ್ಲಿರಲಿ.

4. ಕೇಬಲ್ ಹಿಂಬದಿಯ ಕೆಳಗಿನ ಕಣ್ಣಿನಿಂದ ಹೊರಬರಲಿ. ಒಳಗೆ ತೆಳುವಾದ, ಮೆತ್ತನೆಯ ಕೇಬಲ್ ಬಳಸಿ ಒಂದು ಸುರುಳಿ ಬಿಡಿ. ಹೊರಬರುವ ತೂತನ್ನು ಫೋಮ್ ಚೂರಿನಿಂದ ತುರುಕಿ ಮುಚ್ಚಿ. ಮನೆಯಲ್ಲಿ ಮಾಡಿದ ಬ್ಲಿಂಪ್ ಸೋಲುವುದು ಹೆಚ್ಚಾಗಿ ಈ ಒಂದು ತೂತಿನಲ್ಲೇ.

5. ಸ್ಟಾಕಿಂಗನ್ನು ಇಡೀ ಬುಟ್ಟಿಯ ಮೇಲೆ ಒಂದೇ ಪದರ ಬರುವಂತೆ ಬಿಗಿಯಾಗಿ ಎಳೆದು ಹಿಂದೆ ಗಂಟು ಹಾಕಿ. ಸಡಿಲವಿದ್ದರೆ ಅದೇ ಪಟಪಟ ಎನ್ನುತ್ತದೆ.

6. ಫರ್ ಬಟ್ಟೆಯನ್ನು ಹಿಂಬದಿ ಮೇಲೆ ಬರುವಂತೆ ಹಾಸಿ, 35 ಸೆಂ.ಮೀ. ಅಗಲ 50 ಸೆಂ.ಮೀ. ಉದ್ದದ ಒಂದು ಆಯತ, 16 ಸೆಂ.ಮೀ. ವ್ಯಾಸದ ಒಂದು ವೃತ್ತ ಗುರುತು ಮಾಡಿ. ಕೂದಲು ಮಲಗುವ ದಿಕ್ಕು ಮುಂದಿನಿಂದ ಹಿಂದಕ್ಕೆ ಇರಲಿ. ಕತ್ತರಿ ಹಾಕಬೇಡಿ, ಕೂದಲು ತುಂಡಾಗುತ್ತದೆ. ಬ್ಲೇಡಿನಿಂದ ಬಟ್ಟೆಯನ್ನಷ್ಟೇ ಸೀಳಿ.

7. ಕೂದಲು ಒಳಗೆ ಬರುವಂತೆ ಮಡಚಿ, ಉದ್ದದ ಅಂಚುಗಳನ್ನು 1 ಸೆಂ.ಮೀ. ಬಿಟ್ಟು ಹೊಲಿಯಿರಿ. ಮುಂದಿನ ಬಾಯಿಗೆ ವೃತ್ತವನ್ನು ಅಂಚಿನ ಸುತ್ತ ಸಣ್ಣ ನೆರಿಗೆ ಕೊಡುತ್ತ ಸೇರಿಸಿ. ನೆರಿಗೆ ಅಂಚಿನಲ್ಲೇ ಉಳಿಯಬೇಕು. ನಟ್ಟನಡುವೆ ಬಟ್ಟೆ ಗುಪ್ಪೆಯಾದರೆ ಮೈಕಿನ ನೇರ ಎದುರಿನ ಸದ್ದೇ ಮಂಕಾಗುತ್ತದೆ. ಹಿಂದಿನ ಬಾಯಿಗೆ 3 ಸೆಂ.ಮೀ. ಮಡಿಕೆ ಹೊಲಿದು ಲಾಡಿ ತೂರಿಸಿ. ತಿರುವಿ ಹಾಕಿ, ಹೊಲಿಗೆಯಲ್ಲಿ ಸಿಕ್ಕಿಕೊಂಡ ಕೂದಲನ್ನು ಸೂಜಿಯಿಂದ ಬಿಡಿಸಿ, ಬಾಚಿ.

ಕೆಳಭಾಗಕ್ಕೆ 12 ಸೆಂ.ಮೀ. ಉದ್ದದ ಮರದ ಪಟ್ಟಿಯೊಂದನ್ನು ಕೇಬಲ್ ಟೈಯಿಂದ ಕಟ್ಟಿ, ಫರ್‌ನಲ್ಲಿ ಅದಕ್ಕೆ ಸೀಳು ಬಿಟ್ಟರೆ ಸ್ಟ್ಯಾಂಡಿನ ಕ್ಲಾಂಪ್ ಹಿಡಿಯುತ್ತದೆ.

ಕಾಲರ್ ಮೈಕ್

ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಮಾತಾಡುವವರ ಬೆನ್ನು ಗಾಳಿಗೆ ಇರಲಿ, ಅವರ ಮೈಯೇ ಮರೆಯಾಗುತ್ತದೆ. ಹಾಗೆ ನಿಲ್ಲಿಸಿದಾಗ ಬಿಟ್ಟ ಕೂದಲು ಮುಂದಕ್ಕೆ ಹಾರಿ ಮೈಕಿಗೆ ಉಜ್ಜೀತು, ಹಿಂದೆ ಕಟ್ಟಿಕೊಳ್ಳಲು ಹೇಳಿ. ಸೀರೆಯುಟ್ಟವರಿಗೆ ಸೆರಗನ್ನು ಭುಜದ ಮೇಲೆ ಪಿನ್ ಮಾಡಿದ ನಂತರ, ಅಲುಗದ ನೆರಿಗೆಯ ಅಂಚಿಗೆ ಮೈಕ್ ಹಾಕಿ. ತಾಳಿ, ಸರ ತಾಗದಂತೆ ಒಂದು ಬದಿಗಿರಲಿ. ಫರ್ ಉಂಡೆಯನ್ನು ಮೈಕಿಗೆ ಹಾಕಿದ ಮೇಲೆ ಬುಡದಲ್ಲಿ ದಾರ ಸುತ್ತಿ ಕಟ್ಟಿ. ಇಲ್ಲದಿದ್ದರೆ ಅದು ಗಾಳಿಗೆ ಹಾರಿಹೋಗುತ್ತದೆ, ಹುಲ್ಲಿನಲ್ಲಿ ಬಿದ್ದರೆ ಸಿಗುವುದಿಲ್ಲ.

ಫರ್ ಕ್ಯಾಮೆರಾದಲ್ಲಿ ಕಾಣಬಾರದು ಎಂದರೆ ಮೈಕನ್ನು ಅಂಗಿಯ ಒಳಗೆ ಅಡಗಿಸಿ. ಬಟ್ಟೆಯ ಟೇಪನ್ನು ಎರಡು ಸಣ್ಣ ತ್ರಿಕೋನವಾಗಿ, ಅಂಟು ಹೊರಗೆ ಬರುವಂತೆ ಮಡಚಿ, ನಡುವೆ ಮೈಕ್ ಇಟ್ಟು, ಒಂದು ಮುಖ ಅಂಗಿಗೂ ಇನ್ನೊಂದು ಮೈಗೂ ಅಂಟುವಂತೆ ಮಾಡಿ. ಎರಡೂ ಕಡೆ ಹಿಡಿದಿದ್ದರೆ ಉಜ್ಜುವುದಿಲ್ಲ. ಹತ್ತಿ ಅಂಗಿ ಒಳ್ಳೆಯದು. ಪಾಲಿಯೆಸ್ಟರ್ ಸರಬರ ಎನ್ನುತ್ತದೆ, ಅದಕ್ಕೆ ಪರಿಹಾರವಿಲ್ಲ.

ಫೋನಿನಲ್ಲೇ ಮಾಡುವವರು ಕಾಲರ್ ಮೈಕ್ ಸಿಕ್ಕಿಸಿಕೊಂಡರೆ ಮೇಲಿನದೆಲ್ಲ ಅನ್ವಯಿಸುತ್ತದೆ. ಅದಿಲ್ಲದಿದ್ದರೆ ನೀವೇ ಗಾಳಿಗೆ ಬೆನ್ನು ಮಾಡಿ ನಿಂತು ಫೋನನ್ನು ನಿಮ್ಮ ಮೈಯ ಮರೆಯಲ್ಲಿಡಿ.

ಲೋ ಕಟ್ ಮತ್ತು ಗೇನ್

ಮೈಕಿನ ಮೇಲೆಯೇ ಲೋ ಕಟ್ (ತಗ್ಗಿನ ಸದ್ದನ್ನು ಇಳಿಸುವ ಫಿಲ್ಟರ್) ಸ್ವಿಚ್ ಇದ್ದರೆ ಅದನ್ನೇ ಹಾಕಿ, ರೆಕಾರ್ಡರಿನಲ್ಲಿ ಸದ್ದನ್ನು ಹಿಗ್ಗಿಸುವ ಪ್ರೀಆಂಪ್‌ಗೆ ಹೋಗುವ ಮುಂಚೆಯೇ ಗುಡುಗು ಇಳಿಯುತ್ತದೆ. 80 ಹರ್ಟ್ಜ್‌ನಲ್ಲಿ, ಆಕ್ಟೇವ್‌ಗೆ (ಅಂದರೆ ಹರ್ಟ್ಜ್ ಅರ್ಧವಾದಾಗಲೆಲ್ಲ) 12 ಡೆಸಿಬೆಲ್ ಇಳಿಯುವ ಫಿಲ್ಟರ್ 40 ಹರ್ಟ್ಜ್ ಅನ್ನು ಸುಮಾರು 12, 20 ಹರ್ಟ್ಜ್ ಅನ್ನು ಸುಮಾರು 24 ಡೆಸಿಬೆಲ್ ತಗ್ಗಿಸುತ್ತದೆ. ಗಂಡಸರ ದನಿಗೆ 80, ಹೆಂಗಸರ ದನಿಗೆ 120 ಒಳ್ಳೆಯ ಆರಂಭ. ಡೊಳ್ಳು ಕುಣಿತ ಹಿಡಿಯುವಾಗ ಲೋ ಕಟ್ ಹಾಕಿದರೆ ಡೊಳ್ಳಿನ ಹೊಟ್ಟೆಯೇ ಹೋಗುತ್ತದೆ, ಅಲ್ಲಿ ಬ್ಲಿಂಪನ್ನೇ ನಂಬಬೇಕು. ಹಕ್ಕಿಗಳಿಗೆ 200ರ ತನಕ ಏರಿಸಬಹುದು, ಹೆಚ್ಚಿನವುಗಳ ಕೂಗು 1000ಕ್ಕಿಂತ ಮೇಲೆ. ಆದರೆ ಕೆಂಬೂತದ ಹೂಂಕಾರ ತಗ್ಗಿನದು, ಗೂಬೆಗಳದ್ದೂ ಹಾಗೆಯೇ; ಅವಕ್ಕೆ 80 ದಾಟಬೇಡಿ. ಆನೆಯ ಗುಡುಗು 20 ಹರ್ಟ್ಜ್ ಆಸುಪಾಸಿಗೂ ಇಳಿಯುವುದರಿಂದ ಅದಕ್ಕೆ ಫಿಲ್ಟರ್ ಪೂರ್ತಿ ಆಫ್.

ಗೇನ್ ಹೇಗಿರಬೇಕೆಂದರೆ, ಜೋರು ಮಾತು ಮೀಟರಿನಲ್ಲಿ ಮೈನಸ್ 12 ಡೆಸಿಬೆಲ್‌ಗೆ ಮುಟ್ಟಬೇಕು. ಆಟೊ ಗೇನ್ ಆಫ್ ಮಾಡಿ. ಅದು ಗಾಳಿ ಬಡಿದಾಗ ಮಾತನ್ನು ತಗ್ಗಿಸಿ, ಗಾಳಿ ನಿಂತಾಗ ಮತ್ತೆ ಎತ್ತುತ್ತದೆ. ಆ ಏರಿಳಿತವನ್ನು ಆಮೇಲೆ ಸರಿಮಾಡುವುದು ತಲೆನೋವು. ಸೇಫ್ಟಿ ಟ್ರ್ಯಾಕ್ ಸೌಲಭ್ಯವಿದ್ದರೆ 10 ಡೆಸಿಬೆಲ್ ಕಡಿಮೆಯಲ್ಲಿ ಇನ್ನೊಂದು ಪ್ರತಿ ಇಡಿ. ಕೊನೆಗೆ, ಯಾರೂ ಮಾತಾಡದೆ ಅದೇ ಜಾಗದ ಸದ್ದನ್ನು 60 ಸೆಕೆಂಡ್ ರೆಕಾರ್ಡ್ ಮಾಡಿ.

ಹೊರಡುವ ಮುಂಚೆ ಪರೀಕ್ಷೆ

ಟೇಬಲ್ ಫ್ಯಾನನ್ನು ಒಂದು ಮೀಟರ್ ದೂರದಲ್ಲಿಟ್ಟು ಕಡಿಮೆ ವೇಗದಲ್ಲಿ ಬಿಡಿ. ಲೋ ಕಟ್ ಆಫ್ ಮಾಡಿ, ಗೇನ್ ಬದಲಿಸದೆ, ಬರೀ ಮೈಕ್, ಫೋಮ್, ಬ್ಲಿಂಪ್ ಮತ್ತು ಫರ್ ಹೀಗೆ 30 ಸೆಕೆಂಡ್‌ನಂತೆ ರೆಕಾರ್ಡ್ ಮಾಡಿ ಮೀಟರ್ ಹೋಲಿಸಿ. ಬ್ಲಿಂಪನ್ನು ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಮಾತ್ರ ಗುಡುಗಿದರೆ ಆ ಬದಿಯಲ್ಲಿ ಸಂದು ಉಳಿದಿದೆ. ನಂತರ ಫ್ಯಾನ್ ಆಫ್ ಮಾಡಿ ಒಂದು ಮೀಟರ್ ದೂರದಲ್ಲಿ ಕೀ ಗೊಂಚಲು ಅಲುಗಾಡಿಸಿ, ಫರ್ ಇದ್ದಾಗ ಮತ್ತು ಇಲ್ಲದಾಗ. ಕಿಣಿಕಿಣಿ ಸ್ವಲ್ಪ ಮೃದುವಾದರೆ ಪರವಾಗಿಲ್ಲ, ಮಂಕಾದರೆ ಫರ್ ಬಟ್ಟೆ ದಟ್ಟವಾಯಿತು.

ಉಳಿದ ಗಾಳಿಯನ್ನು ಎಡಿಟಿಂಗ್‌ನಲ್ಲಿ ತಗ್ಗಿಸುವುದು

ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಸಾಕು. ಮೊದಲು ಹೈ ಪಾಸ್ ಫಿಲ್ಟರ್ (ಲೋ ಕಟ್‌ನ ಇನ್ನೊಂದು ಹೆಸರು) 80ರಿಂದ 100 ಹರ್ಟ್ಜ್‌ನಲ್ಲಿ, ಆಕ್ಟೇವ್‌ಗೆ 24 ಡೆಸಿಬೆಲ್‌ನಂತೆ ಇಡೀ ಫೈಲಿಗೆ ಹಾಕಿ. ಆಮೇಲೆ ಸದ್ದಿನ ಹರ್ಟ್ಜ್‌ಗಳನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ನೋಟ ತೆರೆದರೆ ಉಳಿದ ಬೀಸುಗಳು ತಳದಲ್ಲಿ ಬೆಳ್ಳನೆಯ ಮೋಡದಂತೆ ಕಾಣುತ್ತವೆ. ಆ ತುಣುಕುಗಳನ್ನಷ್ಟೇ ಆರಿಸಿ 180ರಿಂದ 200ರಲ್ಲಿ ಇನ್ನೊಮ್ಮೆ ಫಿಲ್ಟರ್ ಹಾಕಿ. ಇಡೀ ಫೈಲಿಗೆ ಹಾಕಿದರೆ ದನಿ ತೆಳ್ಳಗಾಗುತ್ತದೆ. ಮಾತಿಲ್ಲದ ಕಡೆ ಬೀಸಿದ್ದರೆ, ಕೊನೆಯಲ್ಲಿ ಹಿಡಿದಿಟ್ಟ 60 ಸೆಕೆಂಡಿನಿಂದ ತೇಪೆ ಹಾಕಿ. ನಾಯ್ಸ್ ರಿಡಕ್ಷನ್‌ ಫ್ಯಾನಿನಂಥ ಒಂದೇ ಸಮನೆಯ ಸದ್ದಿಗೆ ಮಾಡಿದ್ದು. ಗಾಳಿಗೆ ಹಾಕಿದರೆ ಮಾತು ನೀರಿನಡಿಯಿಂದ ಬಂದಂತಾಗಿ ಗಾಳಿಯೂ ಉಳಿಯುತ್ತದೆ.

ಒದ್ದೆ ಫರ್, ಹಳೆ ಫೋಮ್

ನೆನೆದ ಫರ್‌ನ ಕೂದಲು ಅಂಟಿಕೊಂಡು ಗಾಳಿಯನ್ನೂ ತಡೆಯದು, ಸದ್ದನ್ನೂ ಬಿಡದು. ಮಳೆಯಲ್ಲಿ ಆಗಾಗ ಕಳಚಿ ಜಾಡಿಸಿ, ಇನ್ನೊಂದು ಒಣ ಕವರ್ ಜೊತೆಗಿರಲಿ. ಮೇಲೆ ಪ್ಲಾಸ್ಟಿಕ್ ಚೀಲ ಹಾಕಬೇಡಿ, ಒಂದೊಂದು ಹನಿಯೂ ತಮಟೆಯಂತೆ ಬಡಿಯುತ್ತದೆ. ಮನೆಗೆ ಬಂದಮೇಲೆ ನೆರಳಲ್ಲಿ ಒಣಗಿಸಿ ಬಾಚಿ. ಡ್ರೈಯರ್ ಬಿಸಿಗೆ ಕೃತಕ ಕೂದಲು ಸುರುಟುತ್ತದೆ. ಫೋಮ್ ಕರಾವಳಿ, ಮಲೆನಾಡಿನ ತೇವಕ್ಕೆ ಕೆಲವು ವರ್ಷಗಳಲ್ಲಿ ಪುಡಿಯಾಗುತ್ತದೆ. ಬೆರಳಲ್ಲಿ ಒತ್ತಿ ಬಿಟ್ಟಾಗ ತಟ್ಟನೆ ಏಳದೆ ಅಂಟಂಟಾದರೆ ಅಥವಾ ಕಪ್ಪು ಪುಡಿ ಹತ್ತಿದರೆ ಕೂಡಲೇ ಎಸೆಯಿರಿ. ಆ ಪುಡಿ ಪೊರೆಯ ಮೇಲೆ ಕೂತರೆ ಮೈಕನ್ನೇ ಬದಲಿಸಬೇಕಾಗುತ್ತದೆ.